ಹನ್ನೊಂದೂವರೆ ಫೂಟಿನ ರಿಂಗು

ನನ್ನ ತಂಗಿ ಮಕ್ತುಮಬಿಗೆ ಜಬೀನ ಹುಟ್ಟಿದಾಗ ತೊಟ್ಟಿಲು ಸಾಲಲಿಲ್ಲ. ಬಡಿಗನನ್ನು ಕರೆಸಿ ಕಾಲ ಕಡೆಯ ಹಲಗೆ ತೆಗೆಸಬೇಕಾಯಿತು. ಆರು ತಿಂಗಳಿಗೆ ಕೂಸು ಆ ತೆರೆದ ಕಡೆಯಿಂದಲೇ ಇಳಿದು ಹೊರಟುಬಿಟ್ಟಿತು. ಅವತ್ತು ಎದ್ದವಳು ಮತ್ತೆ ಕೂತದ್ದನ್ನು ನಾನಂತೂ ನೋಡಿಲ್ಲ. ಊಟ ನಿಂತೇ, ಓದು ಅಡ್ಡಾಡುತ್ತಲೇ. ನಿದ್ದೆಯಲ್ಲೂ ಕಾಲು ಆಡಿಸುತ್ತಿದ್ದಳು. ಬೆಳಗಾಗುವುದರೊಳಗೆ ಅವಳು ಹೊದ್ದ ಚಾದರ ಓಣಿಯ ಮೂರನೇ ಮನೆಯ ಕಟ್ಟೆಯ ಮೇಲೆ ಸಿಗುತ್ತಿತ್ತು.

ಅವಳ ಅಪ್ಪ ಮುರ್ತುಜಾಸಾಬ ಗಜೇಂದ್ರಗಡದ ಪಿಂಜಾರ. ಗಂಟುಗಟ್ಟಿದ ಹಳೆ ಗಾದಿಯ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ, ಹೊಸದರಂತೆ ಮಾಡಿ ತುಂಬಿಕೊಡುವುದು ಅವನ ಕೆಲಸ. ಆಳುದ್ದದ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಜಬೀನಗೆ ನಾಲ್ಕು ವರ್ಷವಿದ್ದಾಗ ಒಂದು ದಿನ ಅವನು ಸೂಡಿಗೆ ಹೊರಟ. ಸೂಡಿ ಮುಟ್ಟಿ, ಸೈಕಲ್ ನಿಲ್ಲಿಸಿ, ಬೆವರು ಒರೆಸಿಕೊಂಡು, ‘ಯಾರರೆ ಒಂದಿಷ್ಟ ನೀರ ಕೊಡ್ರಿ’ ಅಂದ. ಹಿಂದಿನಿಂದ ತಂಬಿಗೆ ಬಂತು. ತಿರುಗಿ ನೋಡಿದರೆ ಮಗಳು. ಸೈಕಲ್ಲಿನ ಹಿಂದೆ ಓಡುತ್ತ ಬಂದವಳು ಇವನಿಗಿಂತ ಮೊದಲು ಬಾವಿಯ ಹತ್ತಿರ ಹೋಗಿ ನೀರು ಇಸಿದುಕೊಂಡು ನಿಂತಿದ್ದಳು.

ನಂಬದಿದ್ದರೆ ಬಿಡಿ. ನಮ್ಮೂರು ರೋಣದಲ್ಲಿಯೂ ನನ್ನನ್ನು ಯಾರೂ ನಂಬುವುದಿಲ್ಲ. ನಾನು ವೆಲ್ಡಿಂಗ್ ಕಾಶೀಂಸಾಬ, ಕಲಿತದ್ದು ನಾಲ್ಕನೇ ಇಯತ್ತೆ. ಗಜೇಂದ್ರಗಡದ ಕಡೆ ಹೋಗುವ ರಸ್ತೆಯ ಮೇಲೆ ನನ್ನ ಅಂಗಡಿ. ಗೇಟು ಬೆಸೆಸಲು ಬಂದವರು ಕೆಲಸ ಮುಗಿದ ಕೂಡಲೇ ಗೇಟು ಒಯ್ಯುವುದಿಲ್ಲ. ನಾನು ಹೇಳುವ ಸುದ್ದಿ ಮುಗಿಯುವತನಕ ಕೂರುತ್ತಾರೆ. ಮುಗಿದ ಮೇಲೆ ‘ಕಾಶೀಂಸಾಬ ಇವತ್ತೊಂದ ಚಲೋದ ಬಿಟ್ಟಾ ನೋಡ್ರಪಾ’ ಅಂತ ನಗುತ್ತ ಹೋಗುತ್ತಾರೆ. ಬುರುಡೆ ಬಿಡುವವನೆಂಬ ಈ ಹೆಸರೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಹದಿನೆಂಟಕ್ಕೆ ಜಬೀನ ಐದು ಫೂಟು ಹತ್ತು ಇಂಚು ಆಗಿದ್ದಳು. ಗಜೇಂದ್ರಗಡದ ಹಳೆ ಮನೆಗಳ ಬಾಗಿಲು ನಿಮಗೆ ಗೊತ್ತು. ತಲೆ ಬಡಿದು ಬಡಿದು ಅವಳಿಗೆ ಬಾಗುವುದೇ ರೂಢಿಯಾಗಿತ್ತು. ಬಯಲಲ್ಲಿ ನಡೆಯುವಾಗಲೂ ನಡುನಡುವೆ ತಲೆ ತಗ್ಗಿಸುತ್ತಿದ್ದಳು, ಅಲ್ಲಿಯೂ ಯಾರೋ ಬಾಗಿಲು ಇಟ್ಟಿದ್ದಾರೇನೋ ಎನ್ನುವ ಹಾಗೆ. ನೋಡಲು ನಾಲ್ಕು ಕಡೆಯ ಗಂಡುಗಳು ಬಂದವು. ನಾಲ್ಕನೆಯವನ ತಾಯಿ ಚಹಾ ಕುಡಿದು, ಮೇಲೆ ನೋಡಿ, ಅವಳನ್ನು ನೋಡಿ, ‘ಹುಡುಗಿ ಚಲೋ ಅದಾಳ್ರಿ. ಆದ್ರ ನಮ್ಮನ್ಯಾಗ ಫ್ಯಾನ್ ಐತಿ’ ಅಂದಳು. ಮಕ್ತುಮಬಿ ಒಳಗೆ ಹೋಗಿ ಅತ್ತಳು. ಜಬೀನ ನಕ್ಕಳು. ಆದರೆ ಆವತ್ತಿನಿಂದ ಇನ್ನೊಂದಿಷ್ಟು ಬಾಗಿದಳು.

‘ಇಕಿನ್ನ ರೋಣಕ್ಕ ಕಳಸವ್ವ, ಬಿ.ಎ. ಓದ್ಲಿ’ ಎಂದು ನಾನೇ ಕರೆದುಕೊಂಡು ಬಂದೆ. ನನ್ನ ಹೆಂಡತಿ ಖಾಜಾಬಿಗೆ ಅಟ್ಟದ ಮೇಲಿನ ಡಬ್ಬಿ ಇಳಿಸಿಕೊಡಲು ಒಬ್ಬರು ಸಿಕ್ಕಂತಾಯಿತು.

ಅದು ಎರಡು ಸಾವಿರದ ಎರಡನೇ ಇಸವಿ. ಅದೇ ವರ್ಷ ನಮ್ಮ ಕಾಲೇಜಿಗೆ ಬಾಸ್ಕೆಟ್‌ಬಾಲ್ ಕಂಬ ಮಂಜೂರಾದವು. ಮಾಡುವ ಕೆಲಸ ನನಗೆ ಬಂತು. ಕಾಗದದಲ್ಲಿ ಚಿತ್ರ ಬರೆದಿತ್ತು: ರಿಂಗು ನೆಲದಿಂದ ಹತ್ತು ಫೂಟು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ನೆಲಕ್ಕೆ ಹುಗಿಯುವ ಯಾವ ಕಂಬವೇ ಇರಲಿ, ಹೇಳಿದ ಅಳತೆಯ ಮೇಲೆ ಎರಡು ಫೂಟು ಹೆಚ್ಚು ಬಿಡಬೇಕು. ಅದು ನೆಲದ ಪಾಲು. ನಾನು ಬಿಟ್ಟೆ. ಗೌಂಡಿ ಹುಚ್ಚಪ್ಪನ ಪದ್ಧತಿ ಬೇರೆ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಹುಗಿದ ಕಂಬ ಯಾವ ಕಡೆಗಾದರೂ ವಾಲುತ್ತದೆ. ಅದಕ್ಕೆ ಅವನು ಕಂಬ ಹುಗಿಯುವುದಿಲ್ಲ, ನೆಲದ ಮಟ್ಟಕ್ಕೆ ಕಾಂಕ್ರೀಟಿನ ಕಟ್ಟೆ ಹಾಕಿ ಅದರಲ್ಲಿ ಅರ್ಧ ಫೂಟು ಕೂರಿಸುತ್ತಾನೆ. ಅವನು ಕೂರಿಸಿದ. ಅವತ್ತು ನಾನು ಕೊಣ್ಣೂರಿನಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ನಾನು ಗೌಂಡಿ ನೋಡಿಕೊಳ್ಳುತ್ತಾನೆ ಅಂದುಕೊಂಡೆ, ಗೌಂಡಿ ವೆಲ್ಡಿಂಗಿನವನು ನೋಡಿಕೊಂಡಿದ್ದಾನೆ ಅಂದುಕೊಂಡ. ಆಮೇಲೆ ಯಾರೂ ಟೇಪು ಹಿಡಿಯಲಿಲ್ಲ. ರೋಣದಲ್ಲಿ ಇನ್ನೊಂದು ರಿಂಗು ನೋಡಿದವರೇ ಇರಲಿಲ್ಲ.

ಆಟ ಕಲಿಸುವ ತೋಟಪ್ಪ ಸರ್ ಕಬಡ್ಡಿಯವರು. ಬಾಸ್ಕೆಟ್‌ಬಾಲನ್ನು ಪುಸ್ತಕ ಓದಿಕೊಂಡು ಕಲಿಸುತ್ತಿದ್ದರು. ಜಬೀನಳ ಕೈಗೆ ಚೆಂಡು ಕೊಟ್ಟ ದಿನ ಅವಳು ಕತ್ತಲಾಗುವತನಕ ಬಿಡಲಿಲ್ಲ. ಆ ಕಾಲಿಗೆ ಕಡೆಗೂ ಒಂದು ಕೆಲಸ ಸಿಕ್ಕಿತ್ತು. ಓಡಿ ಬಂದು, ಜಿಗಿದು, ಚೆಂಡನ್ನು ಆಕಾಶಕ್ಕೆ ಎಸೆಯುತ್ತಿದ್ದಳು. ಚೆಂಡು ಮೇಲೆ ಹೋಗಿ, ಅಲ್ಲಿ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತು, ಆಮೇಲೆ ನೆಟ್ಟಗೆ ರಿಂಗಿನೊಳಗೆ ಇಳಿಯುತ್ತಿತ್ತು. ಒಮ್ಮೆ ಕಾಗೆಯೊಂದು ಅದರ ಮೇಲೆ ಕೂತೇ ಇಳಿಯಿತು.

ಎರಡು ವರ್ಷ ನಮ್ಮ ಹುಡುಗಿಯರನ್ನು ರೋಣಕ್ಕೆ ಬಂದ ಯಾವ ಕಾಲೇಜೂ ಸೋಲಿಸಲಿಲ್ಲ. ಬಂದವರ ಚೆಂಡು ರಿಂಗನ್ನೇ ಮುಟ್ಟುತ್ತಿರಲಿಲ್ಲ. ‘ನಿಮ್ಮ ರಿಂಗ್ ಭಾಳ ಎತ್ತರ ಐತ್ರಿ’ ಎಂದು ಅವರು ಗೊಣಗುತ್ತಿದ್ದರು. ‘ಸೋತವ್ರಿಗೆ ಎಲ್ಲಾ ಎತ್ತರನ ಕಾಣತೈತಿ’ ಎಂದು ನಾವು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ‘ಮಾಡಿದಾಂವ ಯಾರು? ಕಾಶೀಂಸಾಬ! ಒಂದ ದಾರದಷ್ಟ ಫರಕ ಇದ್ರ ನನ್ನ ಮೀಸಿ ಬೋಳಸ್ರಿ’ ಅನ್ನುತ್ತಿದ್ದೆ.

ಎರಡು ಸಾವಿರದ ನಾಲ್ಕರ ಸೆಪ್ಟೆಂಬರಿನಲ್ಲಿ ಸುತ್ತಲಿನ ಎಲ್ಲ ಕಾಲೇಜುಗಳ ಆಟ ನರಗುಂದದಲ್ಲಿ ಇಟ್ಟರು. ಜಬೀನ ಆಗ ಕಡೆಯ ವರ್ಷ. ಅಂಗಡಿಗೆ ಕೀಲಿ ಹಾಕಿ ನಾನೂ ಹೋದೆ.

ಗುಡ್ಡದ ಕೆಳಗೆ ಬಯಲು, ಸುತ್ತ ಜನ. ನಮ್ಮ ಹುಡುಗಿಯರು ಬೇರೆ ಊರಿನ ರಿಂಗಿಗೆ ಹೊಡೆಯುವುದು ಅದೇ ಮೊದಲು. ಆಟ ಶುರುವಾದ ಕೂಡಲೇ ಜಬೀನ ಚೆಂಡು ಕಸಿದುಕೊಂಡು ಓಡಿದಳು, ಜಿಗಿದಳು, ಎಸೆದಳು. ಚೆಂಡು ರಿಂಗು ದಾಟಿ, ಅದರ ಹಿಂದಿನ ಹಲಗೆ ದಾಟಿ, ಗುಡ್ಡದ ಕಡೆ ಹೋಯಿತು. ಎರಡನೆಯದೂ ಹಾಗೇ. ಐದನೆಯ ಸಲ ಹೋದ ಚೆಂಡು ಇವತ್ತಿಗೂ ಸಿಕ್ಕಿಲ್ಲ. ಕೋಟೆಯೊಳಗೆ ಹುಡುಕಿದರೆ ಇದ್ದೀತು. ಜನ ಕೇಕೆ ಹಾಕಿದರು.

‘ಏ ಯಕ್ಕಾ, ರಿಂಗ್ ಗುಡ್ಡದ ಮ್ಯಾಲಿಲ್ಲ, ಇಲ್ಲೇ ಕೆಳಗ ಐತಿ!’

‘ಬಿಡ್ರೋ, ಆಕಿ ಮಳಿ ಬರಸಾಕ ಮ್ವಾಡಕ್ಕ ಹೊಡ್ಯಾಕತ್ತ್ಯಾಳ!’

ಇಪ್ಪತ್ತೆರಡು ಸಲ ಎಸೆದಳು. ಒಂದೂ ಬೀಳಲಿಲ್ಲ. ನಾವು ಸೋತೆವು. ತೋಟಪ್ಪ ಸರ್ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಆಟ ಮುಗಿದ ಮೇಲೆ ಧಾರವಾಡದಿಂದ ನೋಡಲು ಬಂದಿದ್ದ ಮೇಡಂ ಒಬ್ಬರು ನಮ್ಮ ಹತ್ತಿರ ಬಂದರು. ಯೂನಿವರ್ಸಿಟಿ ತಂಡ ಆರಿಸುವವರು ಅವರೇ ಅಂತೆ. ಕೊರಳಲ್ಲಿ ಸೀಟಿ, ಕಣ್ಣು ಗಿಡುಗನ ಕಣ್ಣು.

‘ನಿನ್ನ ಹೊಡತ ನೋಡಿದ್ರ ಮನೀಗೆ ಕಳಸಬೇಕು. ಆದ್ರ ಎತ್ತರ ಅದಿ, ಓಡ್ತಿ. ಮುಂದಿನ ವಾರ ಬಿಟ್ಟು ಸೋಮವಾರ ಧಾರವಾಡಕ್ಕ ಬಾ. ಒಂದ ಸಲ ನೋಡ್ತೀನಿ. ಎರಡನೇ ಸಲ ನೋಡೂದಿಲ್ಲ’ ಅಂದರು.

ತಿರುಗಿ ಬರುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಜಬೀನ ನಿಂತೇ ಇದ್ದಳು. ತಲೆ ಬಸ್ಸಿನ ಚಾವಣಿಗೆ ತಾಗದಂತೆ ಬಾಗಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ಹೇಳಿದಳು.

‘ಮಾಮಾ, ಯೂನಿವರ್ಸಿಟಿ ತಂಡದಾಗ ಆಡಿದವ್ರನ್ನ ರೈಲ್ವೆದವ್ರು ನೌಕರಿಗೆ ತಗೋತಾರಂತ. ಚೆಂಡ ಆಡೂದ ಕೆಲಸಂತ.’

‘ಹೌದಂತ ಮಗಳ.’

‘ನನಗ ನೌಕರಿದ ಅಷ್ಟ ಅಲ್ಲ ಮಾಮಾ. ಅಲ್ಲಿ ಎಲ್ಲಾರೂ ನನ್ನಷ್ಟ ಉದ್ದ ಇರ್ತಾರಂತ. ಅಂಥವ್ರ ನಡುವ ನಿಂತ್ರ ಹ್ಯಾಂಗ ಅನಸ್ತೈತಿ ಅಂತ ನೋಡಬೇಕಾಗೇತಿ. ಒಂದ ಸಲ. ಹತ್ತ ದಿನ ಐತಿ. ದಿನಾ ಸಾವಿರ ಚೆಂಡ ಹೊಡಿತೇನಿ ನೋಡು.’

ನಾನು ಜೇಬಿನ ಟೇಪು ಮುಟ್ಟಿ ನೋಡಿಕೊಂಡೆ. ಯಾಕೆಂದರೆ ಎಲ್ಲರೂ ಚಹಾಕ್ಕೆ ಹೋದಾಗ ನಾನು ಒಬ್ಬನೇ ನರಗುಂದದ ಆ ಕಂಬದ ಹತ್ತಿರ ಹೋಗಿದ್ದೆ. ಕಸುಬಿನ ಚಟ, ಯಾರ ಬೆಸುಗೆ ಹೇಗಿದೆ ಎಂದು ನೋಡಲು ಹೋದವನು ಸುಮ್ಮನೆ ಟೇಪು ಹಿಡಿದೆ. ಹತ್ತು ಫೂಟು. ಕೂದಲೆಳೆಯಷ್ಟೂ ಹೆಚ್ಚಿಲ್ಲ. ಕೆಳಗೆ ನಿಂತು ನೋಡಿದರೆ ಮಾತ್ರ ನಮ್ಮೂರಿನದಕ್ಕಿಂತ ತಗ್ಗಾಗಿ ಕಂಡಿತು.

ಮರುದಿನ ನಸುಕಿನಲ್ಲಿ ಏಣಿ ಹೊತ್ತುಕೊಂಡು ನಮ್ಮ ಕಾಲೇಜಿಗೆ ಹೋದೆ. ಅಳೆದೆ. ಹನ್ನೊಂದೂವರೆ. ಟೇಪು ಸುಳ್ಳು ಹೇಳುತ್ತಿದೆ ಎಂದು ಮೊಳ ಹಾಕಿದೆ. ಮೊಳವೂ ಅದನ್ನೇ ಹೇಳಿತು. ಆ ಕಡೆಯ ಕಂಬಕ್ಕೆ ಹೋದೆ. ಅದೂ ಹನ್ನೊಂದೂವರೆ. ತಪ್ಪಿನಲ್ಲಿ ಮಾತ್ರ ಎರಡೂ ಕಂಬಗಳ ನಡುವೆ ದಾರದಷ್ಟೂ ಫರಕು ಇರಲಿಲ್ಲ.

ಏಣಿಯ ಮೇಲೆ ನಾನು ಕೂತಿರುವಾಗಲೇ ಜಬೀನ ಚೆಂಡು ಹಿಡಿದುಕೊಂಡು ಬಂದಳು.

‘ಮಾಮಾ, ಅಲ್ಲೇನ ಮಾಡಾಕತ್ತಿ?’

‘ಜಂಗ್ ಹಿಡದೈತೇನಂತ ನೋಡಾಕ ಬಂದಿದ್ನೆವಾ’ ಅಂದೆ. ಸಾವಿರ ಸುಳ್ಳು ಹೇಳಿದ ನಾಲಿಗೆ ಅವತ್ತು ತೊದಲಿತು.

ನಾನು ಇಳಿದ ಕೂಡಲೇ ಅವಳು ಹೊಡೆಯಲು ಶುರು ಮಾಡಿದಳು. ಒಂದು ಬಿತ್ತು. ಎರಡು ಬಿದ್ದವು. ಹತ್ತಕ್ಕೆ ಎಂಟು. ತಪ್ಪು ರಿಂಗಿಗೆ ಅವಳ ಕೈ ಇನ್ನಷ್ಟು, ಇನ್ನಷ್ಟು ಗಟ್ಟಿಯಾಗುತ್ತಿತ್ತು.

‘ನೋಡ ಮಾಮಾ! ಇಲ್ಲೆಲ್ಲಾ ಬೀಳತಾವ. ನರಗುಂದದಾಗ ನನಗ ಅಂಜಿಕಿ ಆಗಿತ್ತಷ್ಟ!’

ನಾನು ನೇರ ತೋಟಪ್ಪ ಸರ್ ಮನೆಗೆ ಹೋದೆ. ಅವರು ಹಲ್ಲು ತಿಕ್ಕುತ್ತಿದ್ದರು.

‘ಸರ್, ನಮ್ಮ ರಿಂಗ್ ಒಂದೂವರಿ ಫೂಟ ಎತ್ತರ ಆಗೇತ್ರಿ.’

ಅವರು ಬ್ರಶ್ ಬಾಯಲ್ಲೇ ಇಟ್ಟುಕೊಂಡು ನಕ್ಕರು. ‘ಕಾಶೀಂಸಾಬ, ಮುಂಜಾನೆದ್ದ ಕೂಡ್ಲೇ ಬಿಡಾಕ ಚಾಲೂ ಮಾಡಿದ್ಯಲ್ಲೋ. ಹೋದ ವಾರ ಸೂಡಿಯೊಳಗ ಎತ್ತಿಗೆ ವೆಲ್ಡಿಂಗ್ ಮಾಡೀನಿ ಅಂದಿದ್ದಿ.’

‘ಕೊಂಬಿಗೆ ಹಾಕೂ ಕಬ್ಬಿಣದ ಅಣಸಿಗೆ ಅಂದಿದ್ನ್ರಿ. ಇದು ಖರೇನ್ರಿ ಸರ್!’

‘ಅದನ್ನೂ ಖರೇನ ಅಂದಿದ್ದಿ.’

ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ನಗಲಿಲ್ಲ. ನಗುವ ಪೈಕಿಯಲ್ಲ. ಕಪಾಟಿನಿಂದ ದಪ್ಪನೆಯ ಲೆಕ್ಕದ ಪುಸ್ತಕ ತೆಗೆಸಿ ಓದಿದರು.

‘ಇಲ್ಲಿ ಹತ್ತು ಫೂಟ್ ಅಂತ ಐತಿ. ಕೆಳಗ ನಿನ್ನ ಸಹಿ ಐತಿ.’

‘ಹೌದ್ರಿ ಸಾಹೇಬ್ರ. ಆದ್ರ ಕಂಬ ಹನ್ನೊಂದೂವರಿ ಐತ್ರಿ. ಅಪ್ಪಣೆ ಕೊಟ್ರ ಒಂದ ತಾಸಿನ್ಯಾಗ ಒಂದೂವರಿ ಫೂಟ ಕತ್ತರಸ್ತೇನ್ರಿ.’

‘ಹತ್ತರೊಳಗ ಒಂದೂವರಿ ಹೋದ್ರ ಎಂಟೂವರಿ ಉಳೀತೈತಿ. ಎಂಟೂವರಿ ಫೂಟಿನ ಕಂಬಕ್ಕ ನಾ ಯಾರಿಗೆ ಜವಾಬ ಕೊಡ್ಲಿ?’

‘ಹೊರಗ ಬಂದ ಒಂದ ಸಲ ಅಳದ ನೋಡ್ರಲ್ಲ!’

‘ಪುಸ್ತಕದಾಗ ಇರೂದನ್ನ ಅಳಿಯೂದು ಏನೈತೋ?’ ಎಂದು ಪುಸ್ತಕ ಮುಚ್ಚಿದರು.

ಗೌಂಡಿ ಹುಚ್ಚಪ್ಪನ ಹತ್ತಿರ ಹೋದೆ. ಅವನಾದರೂ ಸಾಕ್ಷಿ ಹೇಳಲಿ ಎಂದು. ‘ನಾ ಕಟ್ಟೀದ ಅಳತಿಯಷ್ಟ ನೋಡಾಂವ. ಮ್ಯಾಲಿಂದು ನಿಂದು’ ಎಂದು ಕರಣೆ ತೊಳೆದುಕೊಂಡ.

ಇನ್ನುಳಿದದ್ದು ಜಬೀನಗೇ ಹೇಳುವುದು. ಅದೇ ಆಗಲೊಲ್ಲದು. ನಾನು ಮಾಡಿದ ರಿಂಗಿಗೆ ಅವಳು ಎರಡು ವರ್ಷ ಕೊಟ್ಟಿದ್ದಳು. ಹೇಳುವ ಬದಲು ಅವಳು ಆಡದ ಹಾಗೆ ಮಾಡಲು ನೋಡಿದೆ. ಮಂಗಳವಾರ ಚೆಂಡನ್ನು ಜೋಳದ ಚೀಲದಲ್ಲಿ ಬಚ್ಚಿಟ್ಟೆ. ಖಾಜಾಬಿ ಜೋಳ ತೆಗೆಯಲು ಹೋಗಿ ಚೆಂಡು ಕಂಡು ಚೀರಿದಳು. ಬುಧವಾರ ಚೆಂಡಿಗೆ ಮೊಳೆ ಚುಚ್ಚಿದೆ. ಜಬೀನ ಸೈಕಲ್ ಅಂಗಡಿಯ ಮೈನುದ್ದೀನನಿಂದ ಪಂಕ್ಚರ್ ಹಾಕಿಸಿಕೊಂಡು ಬಂದಳು. ಸಂಜೆ ‘ನನಗ ಎದಿ ನೋವಾಗೇತಿ, ನೀ ಮನ್ಯಾಗ ಇರವಾ’ ಅಂದೆ. ಅವಳು ನನ್ನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ದವಾಖಾನೆಗೆ ಓಡಿದಳು. ಡಾಕ್ಟರು ಕಿವಿಗೆ ನಳಿಗೆ ಹಚ್ಚಿಕೊಂಡು ನನ್ನ ಎದೆ ನೋಡಿ, ‘ಕಾಶೀಂಸಾಬ, ಇದ ಎದಿ ಅಲ್ಲ, ಇಂಜಿನ್ ಐತಿ. ಏನಾಗೇತಿ ಹೇಳು’ ಅಂದರು.

ದವಾಖಾನೆಯ ಮೆಟ್ಟಿಲ ಮೇಲೆ ಜಬೀನ ನನ್ನ ಮುಂದೆ ನಿಂತಳು. ಕಾಲು ಕುಣಿಯುತ್ತಿದ್ದವು.

‘ಚೆಂಡ ಬಚ್ಚಿಟ್ಟಾಂವ ನೀ. ಮೊಳಿ ಚುಚ್ಚಿದಾಂವ ನೀ. ನಾ ಧಾರವಾಡಕ್ಕ ಹೋಗೂದ ನಿನಗ ಬ್ಯಾಡೇನ ಮಾಮಾ? ಹೇಳಿಬಿಡು. ಅವ್ವಗ ಏನರೆ ಮಾತ ಕೊಟ್ಟಿಯೇನ? ಯಾರರೆ ಗಂಡ ನೋಡಿಯೇನ?’

ಅದಕ್ಕಿಂತ ನಿಜ ಹೇಳುವುದೇ ಲೇಸೆನಿಸಿತು. ಹೇಳಿದೆ. ನೆಲದ ಪಾಲು, ಹುಚ್ಚಪ್ಪನ ಕಟ್ಟೆ, ಕೊಣ್ಣೂರಿನ ಮದುವೆ, ನರಗುಂದದ ಹತ್ತು ಫೂಟು, ನಮ್ಮ ಹನ್ನೊಂದೂವರೆ. ಎಲ್ಲರೂ ನಕ್ಕಂತೆ ಇವಳೂ ನಗಲಿ ಎಂದು ಕಾದೆ. ಅವಳು ನಗಲಿಲ್ಲ. ಅವಳ ಕಾಲು ನಿಂತುಬಿಟ್ಟವು. ಹುಟ್ಟಿದಾಗಿನಿಂದ ಮೊದಲ ಸಲ.

‘ನನ್ನ ಕೈಗೆ ಗೊತ್ತಾಗಿತ್ತ ಮಾಮಾ’ ಅಂದಳು. ‘ನರಗುಂದದಾಗ ಚೆಂಡ ಬಿಟ್ಟ ಕೂಡ್ಲೇ ಇದ ಬೀಳತೈತಿ ಅಂತ ಕೈ ಹೇಳತಿತ್ತು. ಬೀಳವಲ್ದಾಗಿತ್ತು. ನನಗ ಹುಚ್ಚ ಹಿಡದೈತೇನಂತ ಅಂದಕೊಂಡಿದ್ದೆ.’

‘ತಪ್ಪಾತ ಮಗಳ.’

‘ಐದ ದಿನ ಹಾಳ ಮಾಡಿದಿ. ಊರಿಗೆಲ್ಲಾ ಹೇಳಿದಿ. ನನಗ ಅಷ್ಟ ಹೇಳಲಿಲ್ಲ.’

ಅವಳು ಮೆಟ್ಟಿಲು ಇಳಿದು ಹೊರಟಳು. ಹತ್ತು ಹೆಜ್ಜೆ ಹೋಗಿ ತಿರುಗಿದಳು.

‘ನಾಳೆ ನಸುಕಿನ್ಯಾಗ ನನಗ ಹತ್ತ ಫೂಟಿನ ರಿಂಗ್ ಬೇಕು. ಮಾಡ್ತಿಯೋ ಇಲ್ಲೋ?’

ಅವತ್ತು ಮಾಡಿದಂಥ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಬಂಡಿಯ ಕಬ್ಬಿಣದ ಪಟ್ಟಿ ಕಡಿದು, ಬಾಗಿಸಿ, ಬೆಸೆದು ರಿಂಗು ಮಾಡಿದೆ. ನನ್ನ ಅಂಗಡಿಗೆ ತಾಗಿದ ಹತ್ತಿ ಗೋದಾಮಿನ ಗೋಡೆಗೆ ಹಲಗೆ ಹೊಡೆದು ಕೂರಿಸಿದೆ. ಒಮ್ಮೆ ಅಳೆದೆ. ಎರಡು ಸಲ ಅಳೆದೆ. ರಸ್ತೆಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ‘ಅಣ್ಣಾರ, ಈ ಟೇಪಿನ ತುದಿ ಹಿಡದ ಎಷ್ಟಾತ ಹೇಳ್ರಿ’ ಅಂದೆ. ಹಾಲಿನವನು ಹತ್ತು ಅಂದ. ಟೆಂಪೋದವನು ಹತ್ತು ಅಂದ. ಸೊಪ್ಪು ಮಾರುವ ಉಡಚವ್ವ ಬುಟ್ಟಿ ಇಳಿಸಿ, ಕಣ್ಣು ಕಿರಿದು ಮಾಡಿ ನೋಡಿ, ‘ಹತ್ತ ಐತೋ ಯಪ್ಪಾ, ನನ್ನ ಬಿಡು, ಸೊಪ್ಪ ಬಾಡತೈತಿ’ ಅಂದಳು.

ಗುರುವಾರ ಜಬೀನ ಹೊಡೆಯಲು ನಿಂತಳು. ಚೆಂಡು ಗೋದಾಮಿನ ತಗಡಿನ ಮೇಲೆ ಹೋಯಿತು. ಶುಕ್ರವಾರವೂ ತಗಡಿನ ಮೇಲೆ. ಬಡಬಡ ಸಪ್ಪಳಕ್ಕೆ ಆ ಓಣಿಯ ಕೋಳಿಗಳು ಮೂರು ದಿನ ತತ್ತಿ ಇಡಲಿಲ್ಲ. ಕೈಯನ್ನು ಎಷ್ಟು ಹಗುರ ಮಾಡಿದರೂ ಕೈ ಕೇಳುತ್ತಿರಲಿಲ್ಲ. ಎರಡು ವರ್ಷದ ರೂಢಿ. ಹಗುರ ಮಾಡಿದರೆ ಚೆಂಡು ಅರ್ಧಕ್ಕೇ ಬೀಳುತ್ತಿತ್ತು, ಮರೆತರೆ ತಗಡಿಗೆ. ನೂರಕ್ಕೆ ಹತ್ತು ಬಿದ್ದರೆ ಹೆಚ್ಚು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ತಗಡಿನಿಂದ ಚೆಂಡು ಇಳಿಸಿ ಕೊಡುವುದು, ಅವಳು ಇಸಿದುಕೊಳ್ಳುವುದು, ಮತ್ತೆ ತಗಡು. ನನಗೂ ಕೂರಲಾಗುತ್ತಿರಲಿಲ್ಲ, ನಿಲ್ಲಲಾಗುತ್ತಿರಲಿಲ್ಲ. ಒಬ್ಬನ ಕಿಟಕಿಗೆ ಸರಳು ಬೆಸೆಯಲು ಹೋಗಿ ಕಿಟಕಿಯನ್ನು ನನ್ನ ಮೇಜಿಗೇ ಬೆಸೆದೆ.

ಶನಿವಾರ ಮಧ್ಯಾಹ್ನ ಮುರ್ತುಜಾಸಾಬ ಸೈಕಲ್ ಮೇಲೆ ಬಂದ. ರೋಣದಲ್ಲಿ ಒಬ್ಬರ ಮದುವೆಯ ಗಾದಿ ಇದ್ದವಂತೆ. ರಿಂಗಿನ ಕತೆ ನನ್ನಿಂದ ಕೇಳಿಕೊಂಡು, ಗೋಡೆಯ ನೆರಳಲ್ಲಿ ಬಿಲ್ಲು ಇಳಿಸಿ, ಮಗಳು ಹೊಡೆಯುವುದನ್ನು ನೋಡುತ್ತ ಕೂತ. ಮಾತಿನ ಮನುಷ್ಯ ಅಲ್ಲ. ನಮ್ಮ ಮನೆತನದ ಮಾತೆಲ್ಲ ನನ್ನ ಪಾಲಿಗೆ ಬಂದು, ಅವನಿಗೆ ಕೊಡಲು ಏನೂ ಉಳಿದಿಲ್ಲ. ಇಪ್ಪತ್ತು ಚೆಂಡು ನೋಡಿದ. ಆಮೇಲೆ ಅಂದ.

‘ಜಬೀ, ನಿನ್ನ ಕೈ ಚಲೋ ಐತಿ. ಕಾಲ ಯಾಕ ಜಿಗೀತಾವ?’

‘ಜಿಗಿಬೇಕಪ್ಪಾ. ಇಲ್ಲಂದ್ರ ಚೆಂಡ ಮುಟ್ಟೂದಿಲ್ಲ.’

‘ಕಾಲೇಜಿನ್ಯಾಗ ಮುಟ್ಟತಿರಲಿಲ್ಲ. ಇಲ್ಲಿ ರಿಂಗ್ ಕೆಳಗ ಬಂದೈತ್ಯಲ್ಲ. ನಾ ಬಿಲ್ಲ ಹಿಡದಾಗ ನೋಡಿ ಇಲ್ಲೋ? ಕಾಲ ಅಲಗಿದ್ರ ಬಿಲ್ಲಿನ ನಾರಿ ಎತ್ತಾಗೋ ಬಡೀತೈತಿ. ಕೈ ಹ್ಯಾಂಗ ಐತೋ ಹಂಗ ಬಿಡು. ಕಾಲ ಊರು.’

ಅವಳು ಕಾಲು ಊರಿ ಹೊಡೆದಳು. ಅದೇ ಕೈ, ಅದೇ ಜೋರು. ಜಿಗಿತದ ಜೋರು ಮಾತ್ರ ಇಲ್ಲ. ಚೆಂಡು ಮೇಲೆ ಹೋಗಿ, ರಿಂಗಿನ ಅಂಚಿಗೆ ಬಡಿದು, ಒಳಗೆ ಬಿತ್ತು. ಇನ್ನೊಂದು. ಅದೂ ಬಿತ್ತು. ಮೂರನೆಯದಕ್ಕೆ ಖುಷಿಯಾಗಿ ಜಿಗಿದಳು, ತಗಡು ಬಡಬಡ ಅಂತು.

‘ಊರು’ ಅಂದ ಮುರ್ತುಜಾಸಾಬ.

ಊರುವುದು ಎಂದರೆ ಆ ಹುಡುಗಿಗೆ ಉಸಿರು ಹಿಡಿದ ಹಾಗೆ. ಹತ್ತು ಸಲ ನಿಂತರೆ ಹನ್ನೊಂದನೆಯ ಸಲ ಕಾಲು ತಾನೇ ಏಳುತ್ತಿತ್ತು. ಭಾನುವಾರ ಇಡೀ ದಿನ ಅಪ್ಪ ಅವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಹಿಮ್ಮಡಿ ಹಿಡಿದುಕೊಂಡ. ಮದುವೆಯ ಗಾದಿ ಹಾಗೇ ಉಳಿದವು. ಮದುಮಗಳ ಕಡೆಯವರು ಎರಡು ಸಲ ಬಂದು ಬೈದು ಹೋದರು. ಸಂಜೆಯ ಹೊತ್ತಿಗೆ ಹತ್ತಕ್ಕೆ ಆರು ಬೀಳುತ್ತಿದ್ದವು.

ಸೋಮವಾರ ನಾನು ಮತ್ತು ಜಬೀನ ನಸುಕಿನ ಬಸ್ಸಿಗೆ ಹತ್ತಿದೆವು. ತೋಟಪ್ಪ ಸರ್ ಕಾಗದ ಬರೆದು ಕೊಟ್ಟಿದ್ದರು. ಹುಬ್ಬಳ್ಳಿ ದಾಟಿದ ಮೇಲೆ ‘ಮಾಮಾ, ಧಾರವಾಡದ್ದೂ ಹತ್ತ ಫೂಟ ಇರ್ತೈತಿ ಹೌದಲ್ಲೋ?’ ಅಂದಳು. ‘ಅದನ್ನ ನಾ ಮಾಡಿಲ್ಲವಾ, ಹತ್ತ ಇರ್ತೈತಿ’ ಅಂದೆ. ಅವಳ ತುಟಿ ಒಂದಿಷ್ಟು ಅಲುಗಿತು. ನಕ್ಕಳೋ ಏನೋ.

ಧಾರವಾಡದ ಮೈದಾನದಲ್ಲಿ ನಲವತ್ತು ಹುಡುಗಿಯರು. ತಂಡಕ್ಕೆ ಬೇಕಾದವರು ಹನ್ನೆರಡು. ಒಬ್ಬೊಬ್ಬರಿಗೆ ಹತ್ತು ಚೆಂಡು. ಜಬೀನಳ ಹೆಸರು ಕೂಗಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಕಾದು ಕಾದು ಅವಳ ಕಾಲು ಜಿಂಕೆಯ ಕಾಲಾಗಿದ್ದವು. ಗೆರೆಯ ಮೇಲೆ ನಿಂತಳು. ಜಿಗಿದಳು. ಚೆಂಡು ಹಲಗೆಯ ಆಚೆ. ಎರಡನೆಯದು, ಆಚೆ. ಮೂರು, ನಾಲ್ಕು, ಐದು. ಬೇಲಿಯ ಹೊರಗೆ ನಿಂತ ನಾನು ಬೇಲಿಯ ತಂತಿ ಹಿಡಿದು ‘ಕಾಲು, ಕಾಲು’ ಎಂದು ಬಾಯೊಳಗೇ ಅನ್ನುತ್ತಿದ್ದೆ.

ಮೇಡಂ ಸೀಟಿ ಊದಿದರು. ‘ಸಾಕು. ನರಗುಂದದಾಗ ನೋಡಿದ್ದ ನೋಡಿದಂಗಾತು. ಏನವಾ, ಹಲಗಿ ಆಚೀಕ ಯಾರಿಗೆ ಕೊಡಾಕತ್ತಿ ಚೆಂಡ? ಮುಂದಿನಾಕಿ ಬಾ.’

ನನಗೆ ತಡೆಯಲಾಗಲಿಲ್ಲ. ಬೇಲಿ ದಾಟಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

‘ಮೇಡಂರ, ತಪ್ಪ ಆಕೀದಲ್ಲರಿ! ನಮ್ಮ ಊರಾಗ ರಿಂಗ್ ಹನ್ನೊಂದೂವರಿ ಫೂಟ ಐತ್ರಿ. ಮಾಡಿದಾಂವ ನಾನರಿ. ಎರಡ ವರ್ಷ ಅದಕ್ಕ ಹೊಡದಾಳ್ರಿ!’

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಹನ್ನೊಂದೂವರಿ ಫೂಟ? ಯಜಮಾನ್ರ, ಸುಳ್ಳಿಗೂ ಒಂದ ಅಳತಿ ಇರಬೇಕ್ರಿ.’ ಜಬೀನಳ ಕಡೆ ತಿರುಗಿದರು. ‘ಯಾರವಾ ಇವ್ರು?’

‘ನಮ್ಮ ಮಾಮಾ ರಿ.’

‘ಹೇಳೂದ ಖರೇ ಏನ?’

‘ಇದೊಂದ ಮಾತ ಖರೇರಿ’ ಅಂದಳು ಜಬೀನ. ಸುತ್ತ ನಿಂತ ಹುಡುಗಿಯರು ಕಿಸಕ್ಕೆಂದರು. ಅವಳು ನಗಲಿಲ್ಲ. ‘ಮೇಡಂ, ಹತ್ತರಾಗ ಐದ ಆಗ್ಯಾವರಿ. ನನ್ನ ಐದ ಇನ್ನೂ ಅದಾವ. ಅವನ್ನ ಕೊಡ್ರಿ. ಆಮ್ಯಾಲ ನಾ ಹೋಗ್ತೇನ್ರಿ. ಮಾಮಾ, ನೀ ಹೊರಗ ನಡಿ.’

ನಾನು ಹೊರಗೆ ನಡೆದೆ. ಮೇಡಂ ಕೈಗಡಿಯಾರ ನೋಡಿದರು, ಚೆಂಡು ಕೊಟ್ಟರು.

ಜಬೀನ ಗೆರೆಯ ಮೇಲೆ ನಿಂತು ಕೆಳಗೆ ನೋಡಿದಳು. ಬಹಳ ಹೊತ್ತು ತನ್ನ ಹಿಮ್ಮಡಿಯನ್ನೇ ನೋಡಿದಳು. ಆ ಸಿಮೆಂಟಿನಲ್ಲಿ ಬೇರು ಬಿಟ್ಟಳೇನೋ ಅನಿಸಿತು ನನಗೆ. ಹೊಡೆದಳು. ಬಿತ್ತು. ಹೊಡೆದಳು. ಬಿತ್ತು. ಮೂರನೆಯದು ಅಂಚಿಗೆ ಬಡಿದು ಹೊರಗೆ. ನಾಲ್ಕು ಬಿತ್ತು. ಐದೂ ಬಿತ್ತು.

ಮೇಡಂ ಬೆರಳಿನಿಂದ ಒಬ್ಬಳನ್ನು ಕರೆದರು. ಅವಳೊಬ್ಬಳು ಬಂದಳು ನೋಡಿ, ಕರೆಂಟಿನ ಕಂಬ. ‘ಇಕಿನ್ನ ಮುಂದ ನಿಂದ್ರಸ್ಕೊಂಡ ಹೊಡಿ’ ಅಂದರು. ಜಬೀನ ಕಾಲು ಊರಿ ಹೊಡೆದಳು. ಆ ಹುಡುಗಿ ಜಿಗಿದು ನೊಣ ಹೊಡೆದಂತೆ ಚೆಂಡು ಹೊಡೆದು ಹಾಕಿದಳು. ಇನ್ನೊಮ್ಮೆ. ಅದೂ ಹಾಗೇ. ಮೂರನೆಯ ಸಲ ಜಬೀನ ಜಿಗಿದೇಬಿಟ್ಟಳು. ಚೆಂಡು ಆ ಹುಡುಗಿಯ ಕೈ ಮೇಲಿಂದ ಹೋಯಿತು, ರಿಂಗಿನ ಮೇಲಿಂದಲೂ ಹೋಯಿತು. ಆದರೆ ಚೆಂಡು ನೆಲ ಮುಟ್ಟುವುದಕ್ಕೆ ಮುಂಚೆಯೇ ಓಡಿ ಹಿಡಿದು ತಂದಳು.

‘ನಿಂತ್ರ ಬೀಳತಾವ. ಜಿಗದ್ರ ಬೀಳೂದಿಲ್ಲ. ಆಟದಾಗ ನಿನಗ ನಿಂದ್ರಾಕ ಯಾರ ಬಿಡ್ತಾರ?’ ಅಂದರು ಮೇಡಂ.

‘ಯಾರೂ ಬಿಡೂದಿಲ್ಲರಿ.’

‘ಮತ್ತ?’

‘ಒಂದ ವಾರದ ಹಿಂದ ನಿಂತ್ರೂ ಬೀಳತಿರಲಿಲ್ಲರಿ.’

ಮೇಡಂ ಏನೋ ಬರೆದುಕೊಂಡರು. ನಾಲ್ಕು ಗಂಟೆಗೆ ಹೆಸರು ಓದಿದರು. ನಾನು ಬೆರಳು ಮಡಿಚುತ್ತ ಬಂದೆ. ಹತ್ತು ಆದವು, ಬೆರಳು ಮುಗಿದವು. ಹನ್ನೊಂದನೆಯದು ಯಾರದೋ ಬಂತು. ಮೇಡಂ ಕಾಗದ ಮಡಿಚಿದರು. ನನ್ನ ಜೀವ ಹೋಯಿತು. ಮತ್ತೆ ಬಿಚ್ಚಿದರು.

‘ಹನ್ನೆರಡು. ಜಬೀನ ನದಾಫ, ರೋಣ. ಹದಿನೈದ ದಿನ ಇಲ್ಲೇ ಇರಬೇಕು. ಜಿಗದ ಹೊಡಿಯೂದ ಮೊದಲಿಂದ ಕಲಿಬೇಕು. ಕಲೀಲಿಲ್ಲಂದ್ರ ಹದಿನಾರನೇ ದಿನ ನಾನ ಬಸ್ ಹತ್ತಸ್ತೇನಿ.’

‘ಹೂನ್ರಿ’ ಅಂದಳು. ಆಗಲೇ ಕಾಲು ಕುಣಿಯಲು ಶುರುಮಾಡಿದ್ದವು.

ಹನ್ನೆರಡು ಜನರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಲು ಹೇಳಿದರು, ಅಂಗಿಯ ಅಳತೆಗೆ. ಜಬೀನ ಚಿಕ್ಕಂದಿನಿಂದ ಶಾಲೆಯ ಸಾಲಿನಲ್ಲೆಲ್ಲ ನಿಂತ ಜಾಗಕ್ಕೆ, ಸಾಲಿನ ಕಟ್ಟಕಡೆಗೆ, ತಾನೇ ಹೋಗಿ ನಿಂತಳು, ತಲೆ ಒಂದಿಷ್ಟು ತಗ್ಗಿಸಿ. ಅಲ್ಲಿ ಆಗಲೇ ಮೂವರು ನಿಂತಿದ್ದರು. ಆ ಕರೆಂಟಿನ ಕಂಬ ಬಗ್ಗಿ ಅವಳನ್ನು ನೋಡಿದಳು.

‘ಇಲ್ಯಾಕ ಬಂದಿ? ಮುಂದ ಹೋಗ, ಗಿಡ್ಡಿ.’

ಜಬೀನ ಕತ್ತೆತ್ತಿ ಆ ಮೂವರನ್ನೂ ನೋಡಿದಳು. ಆಮೇಲೆ ಬೇಲಿಯ ಆಚೆ ನನ್ನನ್ನು ಹುಡುಕಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು.

‘ಮಾಮಾ! ನನಗ ಗಿಡ್ಡಿ ಅಂದ್ಳು! ಅವ್ವಗ ಹೇಳು, ನನಗ ಗಿಡ್ಡಿ ಅಂದ್ರಂತ ಹೇಳು!’

ಮೂರು ಹೆಜ್ಜೆ ಮುಂದೆ ಹೋದಳು. ನೆಟ್ಟಗೆ ನಿಂತಳು. ಹಿಂದಿನ ಮೂವರಿಗೆ ಅವಳ ತಲೆಯ ಆಚೆಯ ಮೈದಾನ ಸರಿಯಾಗಿ ಕಾಣುತ್ತಿತ್ತು.